ಘಟ್ಟದ ಮೇಲಿನವರ ಕಡಲ ಪ್ರಶ್ನೆಗಳು

ಕಡಲಿಲ್ಲದ ಜಿಲ್ಲೆಯಿಂದ ಕಡಲಿನ ಬಗ್ಗೆ ಇಷ್ಟು ಪತ್ರಗಳು ಬರುತ್ತವೆಂದು ನಾವು ಎಣಿಸಿರಲಿಲ್ಲ. ಸ್ಕೂಬಾ ಡೈವಿಂಗ್ ಕಲಿತು ಒಬ್ಬರೇ ಊರೂರು ತಿರುಗುವ ಕೊಡಗಿನ ಓದುಗರು ಕೇಳಿರುವ ಪ್ರಶ್ನೆಗಳಲ್ಲಿ ಒಂದನ್ನೊಂದು ಹೋಲುವವನ್ನು ಸೇರಿಸಿ, ಉಳಿದವುಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಓದುಗರ ಹೆಸರನ್ನು ಬಿಟ್ಟು ಊರಿನ ಹೆಸರನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ಮುರ್ಡೇಶ್ವರದಲ್ಲಿ ಓಪನ್ ವಾಟರ್ ಎಂಬ ಮೊದಲ ಹಂತದ ಡೈವಿಂಗ್ ತರಬೇತಿ ಮುಗಿಸಿದ್ದೇನೆ. ಸ್ನೇಹಿತರಲ್ಲಿ ಯಾರಿಗೂ ಇದರಲ್ಲಿ ಆಸಕ್ತಿಯಿಲ್ಲದ ಕಾರಣ ಒಬ್ಬನೇ ಪ್ರಯಾಣಿಸುತ್ತೇನೆ. ಬೋಟು ಹೊರಡಬೇಕಾದರೆ ಜನ ಸೇರುವವರೆಗೆ ಕಾಯಬೇಕು, ಖರ್ಚೂ ಹೆಚ್ಚು. ದಡದಿಂದಲೇ ನಡೆದು ನೀರಿಗಿಳಿದು ಹವಳ, ಮೀನು ನೋಡಬಹುದಾದ ಜಾಗಗಳು ಎಲ್ಲಿವೆ? ಅವನ್ನು ಹುಡುಕುವುದು ಹೇಗೆ?
(ಸೋಮವಾರಪೇಟೆ)

ಉತ್ತರ: ಮೊದಲು ನಿರಾಶೆಯ ಮಾತನ್ನೇ ಹೇಳಿಬಿಡುತ್ತೇವೆ. ನಮ್ಮ ಕರ್ನಾಟಕದ ಕರಾವಳಿಯಲ್ಲಿ ದಡದಿಂದ ಇಳಿದು ತೃಪ್ತಿಯಾಗುವಂಥ ಡೈವ್ ಮಾಡುವ ಜಾಗಗಳು ಇಲ್ಲವೆಂದೇ ತಿಳಿಯಿರಿ. ನೇತ್ರಾವತಿ, ಶರಾವತಿ, ಅಘನಾಶಿನಿ, ಕಾಳಿ ಮೊದಲಾದ ನದಿಗಳು ಘಟ್ಟದಿಂದ ತರುವ ಹೂಳು ದಡದ ನೀರನ್ನು ಕದಡುತ್ತಲೇ ಇರುತ್ತದೆ. ತಳ ಹೆಚ್ಚಿನ ಕಡೆ ಬರೀ ಮರಳು ಮತ್ತು ಕೆಸರು. ಆಳವೂ ಬಹಳ ನಿಧಾನವಾಗಿ ಹೆಚ್ಚುವುದರಿಂದ ಸಿಲಿಂಡರ್ ಹೊತ್ತು ಎಷ್ಟು ದೂರ ಈಜಿದರೂ ನೋಡಲು ಸಿಗುವುದು ಅಲ್ಪ. ನೇತ್ರಾಣಿಯ ಸುತ್ತ ಹವಳವೂ ಮೀನೂ ಇರುವುದು ಆ ದ್ವೀಪ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಆಚೆ, ಈ ಕದಡಿನಿಂದ ಹೊರಗೆ, ಬಂಡೆಯ ತಳದ ಮೇಲೆ ನಿಂತಿರುವುದರಿಂದ. ಅಲ್ಲಿಗೆ ಬೋಟು ಬೇಕೇ ಬೇಕು.

ದೇಶದೊಳಗೆ ಮೊದಲು ನೆನಪಿಗೆ ಬರುವುದು ಅಂಡಮಾನಿನ ಸ್ವರಾಜ್ ದ್ವೀಪ, ಅಂದರೆ 2018ರವರೆಗೆ ಹ್ಯಾವ್ಲಾಕ್ ಎಂದು ಕರೆಯುತ್ತಿದ್ದ ದ್ವೀಪ. ಅಲ್ಲಿನ ನೀಮೋ ರೀಫ್‌ಗೆ ದಡದಿಂದ ನಡೆದೇ ಇಳಿಯುತ್ತಾರೆ. ಆಳ ಕಡಿಮೆ, ಹೊಸಬರಿಗೆ ಒಪ್ಪುವ ಜಾಗ. ಅಂಡಮಾನಿನ ಕೆಲವು ಕಡಲತೀರಗಳಲ್ಲಿ ಮೊಸಳೆಯ ಎಚ್ಚರಿಕೆಯ ಫಲಕಗಳಿರುವುದುಂಟು. ಅವನ್ನು ಅಲಂಕಾರವೆಂದು ತಿಳಿಯಬಾರದು. ಲಕ್ಷದ್ವೀಪದ ನೀರು ಇನ್ನೂ ತಿಳಿ, ಆದರೆ ಅಲ್ಲಿಗೆ ಭಾರತೀಯರೂ ಪ್ರವೇಶಾನುಮತಿ ಪಡೆಯಬೇಕು. ಒಬ್ಬರೇ ಹೊರಡುವವರು ಆ ಕೆಲಸವನ್ನು ತಿಂಗಳುಗಳ ಮೊದಲೇ ಶುರುಮಾಡುವುದು ಒಳ್ಳೆಯದು.

ಹೊರದೇಶಗಳಲ್ಲಿ ನಮ್ಮ ಮೊದಲ ಶಿಫಾರಸು ಬಾಲಿ ದ್ವೀಪದ ಈಶಾನ್ಯ ಕರಾವಳಿಯ ತುಲಂಬೆನ್. 1942ರ ಜನವರಿಯಲ್ಲಿ ಜಪಾನಿ ಜಲಾಂತರ್ಗಾಮಿಯ ಟಾರ್ಪಿಡೊ ಏಟು ತಿಂದ ಅಮೆರಿಕದ ಲಿಬರ್ಟಿ ಎಂಬ ಸರಕು ಹಡಗನ್ನು ಎಳೆದು ತಂದು ಅಲ್ಲಿನ ದಡಕ್ಕೆ ಹತ್ತಿಸಿದ್ದರು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ಅದು ದಡದಿಂದ ಜಾರಿ ನೀರಿಗೆ ಸೇರಿತು. ಈಗ ಸುಮಾರು 5 ಮೀಟರ್‌ನಿಂದ 30 ಮೀಟರ್ ಆಳದವರೆಗೆ ಒರಗಿ ಬಿದ್ದಿರುವ ಆ ಹಡಗಿನ ಮೈತುಂಬ ಹವಳ ಬೆಳೆದಿದೆ, ಮತ್ತು ದಡದಿಂದ ಕೆಲವೇ ನಿಮಿಷ ಈಜಿದರೆ ಅದು ಎದುರಾಗುತ್ತದೆ. ಸಿಲಿಂಡರುಗಳನ್ನು ಊರಿನ ಹೆಂಗಸರು ತಲೆಯ ಮೇಲೆ ಹೊತ್ತು ತಂದುಕೊಡುತ್ತಾರೆ. ದಡದಲ್ಲಿ ಮರಳಿಲ್ಲ, ಉರುಟು ಕಲ್ಲುಗಳಿವೆ. ದಪ್ಪ ಅಡಿಯ ಬೂಟು ಇಲ್ಲದೆ ಅಲ್ಲಿ ಕಾಲಿಡಲಾಗದು. ಮಧ್ಯಾಹ್ನದ ಹೊತ್ತಿಗೆ ಬೇರೆ ಊರುಗಳಿಂದ ಗುಂಪುಗಳು ಬಂದು ನೀರೊಳಗೇ ಸಂತೆ ನೆರೆಯುತ್ತದೆ. ತುಲಂಬೆನ್‌ನಲ್ಲೇ ರಾತ್ರಿ ತಂಗಿ ನಸುಕಿನಲ್ಲಿ ಇಳಿದವರಿಗೆ, ಹಡಗಿನ ಆಸರೆಯಲ್ಲಿ ಮಲಗಿದ್ದು ಆಗತಾನೇ ಏಳುವ, ಹಣೆ ಉಬ್ಬಿದ ದೊಡ್ಡ ಗಿಳಿಮೀನುಗಳ ಹಿಂಡು ಸಿಗುವ ಸಾಧ್ಯತೆ ಹೆಚ್ಚು.

ಫಿಲಿಪ್ಪೀನ್ಸ್‌ನ ಸೆಬು ದ್ವೀಪದ ಮೋಲ್‌ಬೋಲ್‌ನಲ್ಲಿ ಪನಗ್ಸಾಮ ಎಂಬ ದಡದಿಂದ ಸ್ವಲ್ಪವೇ ಮುಂದೆ ತಳ ಥಟ್ಟನೆ ಕಡಿದು ಆಳವಾಗುತ್ತದೆ. ಆ ಅಂಚಿನಲ್ಲಿ ಸಾರ್ಡೀನ್, ಅಂದರೆ ನಮ್ಮ ಬೂತಾಯಿಯ ಬಳಗದ ಮೀನುಗಳು, ಸೂರ್ಯನನ್ನೇ ಮುಚ್ಚುವಷ್ಟು ದಟ್ಟವಾಗಿ ಸುತ್ತುತ್ತಿರುತ್ತವೆ. ಈಜಿಪ್ಟ್‌ನ ದಹಬ್ ಕೂಡ ದಡದ ಡೈವ್‌ಗೇ ಹೆಸರಾದ ಊರು. ಅಲ್ಲಿನ ಲೈಟ್‌ಹೌಸ್ ಎಂಬಲ್ಲಿ ಇಳಿಯಿರಿ. ಅಲ್ಲೇ ಇರುವ ಬ್ಲೂ ಹೋಲ್ ಎಂಬ ಆಳ ಗುಂಡಿಯಲ್ಲಿ 50 ಮೀಟರ್‌ಗಿಂತ ಕೆಳಗಿರುವ ಕಮಾನನ್ನು ದಾಟಲು ಹೋಗಿ ಹಲವರು ಪ್ರಾಣ ಕಳೆದುಕೊಂಡಿದ್ದಾರೆ, ಅದು ನಿಮ್ಮ ತರಬೇತಿಯ ವ್ಯಾಪ್ತಿಯ ಜಾಗವೇ ಅಲ್ಲ. ಜೋರ್ಡಾನ್‌ನ ಅಕಾಬದಲ್ಲಿ 1985ರಲ್ಲಿ ಬೇಕೆಂದೇ ಮುಳುಗಿಸಿದ ಸೀಡರ್ ಪ್ರೈಡ್ ಹಡಗಿಗೂ ದಡದಿಂದ ಈಜಿ ಹೋಗಬಹುದು. ಕೆರಿಬಿಯನ್ನಿನ ಬೊನೇರ್ ನಮಗೆ ತೀರಾ ದೂರವಾದರೂ ಅಲ್ಲಿನ ವ್ಯವಸ್ಥೆಯನ್ನು ತಿಳಿದಿರಬೇಕು: ದ್ವೀಪದ ರಸ್ತೆಯುದ್ದಕ್ಕೂ ಹಳದಿ ಬಣ್ಣ ಬಳಿದ ಕಲ್ಲುಗಳು ಎಲ್ಲಿ ನೀರಿಗಿಳಿಯಬೇಕೆಂಬುದನ್ನು ತೋರಿಸುತ್ತವೆ, ಮತ್ತು ಹವಳವನ್ನು ಯಾರೂ ಹಿಡಿಯದಿರಲೆಂದು ಕೈಗವಸನ್ನೇ ನಿಷೇಧಿಸಿದ್ದಾರೆ.

ಹಳದಿ ಕಲ್ಲುಗಳಿಲ್ಲದ ಊರಿನಲ್ಲಿ ಹುಡುಕುವ ಬಗೆ ಬೇರೆ. ಉಪಗ್ರಹ ಚಿತ್ರದಲ್ಲಿ ದಡದ ತಿಳಿಹಸಿರು ನೀರು ಎಲ್ಲಿ ಒಮ್ಮೆಲೇ ಕಡುನೀಲಿಯಾಗುತ್ತದೆಯೋ ಅಲ್ಲಿ ತಳ ಕಡಿದಿದೆ. ಆ ಗೆರೆ ದಡಕ್ಕೆ ಹತ್ತಿರವಿದ್ದು, ಪಕ್ಕದಲ್ಲಿ ರಸ್ತೆಯೂ ಸಿಲಿಂಡರ್ ಬಾಡಿಗೆಗೆ ಕೊಡುವ ಡೈವ್ ಸೆಂಟರೂ ಇದ್ದರೆ ವಿಚಾರಿಸಲು ಯೋಗ್ಯವಾದ ಜಾಗ. ಐನ್ಯಾಚುರಲಿಸ್ಟ್ ಆ್ಯಪಿನಲ್ಲಿ ಆ ದಡದ ಹೆಸರು ಹಾಕಿದರೆ ಅಲ್ಲಿ ಯಾವ ಜೀವಿಯನ್ನು ಯಾವ ತಿಂಗಳಲ್ಲಿ ಕಂಡಿದ್ದಾರೆಂಬುದು ಚಿತ್ರಸಹಿತ ಸಿಗುತ್ತದೆ. ಪ್ರವಾಸಿಗರ ಹೊಗಳಿಕೆಗಿಂತ ಇದು ಹೆಚ್ಚು ನಂಬಲರ್ಹ. ಡೈವ್ ಸೆಂಟರಿಗೆ ಫೋನ್ ಮಾಡಿದಾಗ ಒಳ್ಳೆಯ ಜಾಗ ಯಾವುದೆಂದು ಕೇಳಬೇಡಿ, ಎಲ್ಲವೂ ಒಳ್ಳೆಯದೇ ಎನ್ನುತ್ತಾರೆ. ಗೈಡ್ ಕಡ್ಡಾಯವೇ, ಬೋಟುಗಳ ಓಡಾಟ ಎಷ್ಟಿದೆ, ಯಾವ ಗಾಳಿ ಬೀಸಿದಾಗ ಅಲ್ಲಿ ಇಳಿಯುವುದನ್ನು ನಿಲ್ಲಿಸುತ್ತೀರಿ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಡುವವರ ಬಳಿಯೇ ಹೋಗಿ.

ದಡದ ಡೈವ್ ಅಗ್ಗ ನಿಜ, ಸುಲಭವೆಂಬುದು ಮಾತ್ರ ಅರ್ಧಸತ್ಯ. ಬೋಟಿನಲ್ಲಿ ಹೋದಾಗ ಇಂದು ಇಳಿಯಬೇಕೇ ಬೇಡವೇ, ಎಲ್ಲಿ ಇಳಿಯಬೇಕು, ತೇಲಿಹೋದವರನ್ನು ಎತ್ತಿಕೊಳ್ಳುವವರಾರು ಎಂಬುದನ್ನೆಲ್ಲ ಬೋಟಿನವರು ನಿರ್ಧರಿಸಿರುತ್ತಾರೆ. ದಡದಲ್ಲಿ ಆ ನಿರ್ಧಾರಗಳೆಲ್ಲ ನಿಮ್ಮ ತಲೆಯ ಮೇಲೆ ಬರುತ್ತವೆ, ಅದೂ ಒಬ್ಬರೇ ಬಂದಿರುವ ನಿಮಗೆ ಹೇಳಿ ತಡೆಯುವವರೂ ಇರುವುದಿಲ್ಲ. ಆದ್ದರಿಂದ ಉಡುಪು ತೊಡುವ ಮೊದಲು ಕಾಲು ಗಂಟೆಯಾದರೂ ಕುಳಿತು ನೀರನ್ನು ನೋಡಿ. ದೊಡ್ಡ ಅಲೆಗಳು ಕೆಲವು ಸಾಲಾಗಿ ಬಂದು ನಡುವೆ ಬಿಡುವು ಕೊಡುತ್ತವೆ. ಆ ಬಿಡುವಿನಲ್ಲಿ ಇಳಿಯಬೇಕು. ಇಳಿಯುವ ಜಾಗಕ್ಕಿಂತ ಹತ್ತುವ ಜಾಗವನ್ನು ಮೊದಲು ಗೊತ್ತುಮಾಡಿಕೊಳ್ಳಿ, ಅದು ಕೈಕೊಟ್ಟರೆ ಹತ್ತಲು ಇನ್ನೊಂದನ್ನೂ ನೋಡಿಟ್ಟುಕೊಳ್ಳಿ. ಅಲೆ ಒಡೆಯುವಲ್ಲಿ ಇರುವಷ್ಟು ಹೊತ್ತು ಮಾಸ್ಕ್ ಮುಖದ ಮೇಲೆಯೂ ಸಿಲಿಂಡರಿನ ಗಾಳಿ ಕೊಡುವ ರೆಗ್ಯುಲೇಟರ್ ಬಾಯಲ್ಲಿಯೂ ಇರಲಿ. ಅಲೆ ಕೆಡವಿದರೆ ಎದ್ದು ನಿಲ್ಲುವ ಹಟ ಬಿಟ್ಟು ತೆವಳಿಕೊಂಡೇ ದಡ ಸೇರಿ. ಹೋಗುವಾಗ ಸೆಳೆತಕ್ಕೆ ಎದುರಾಗಿ ಈಜಿ, ಬರುವಾಗ ಅದೇ ನಿಮ್ಮನ್ನು ತರುತ್ತದೆ. ದಿಕ್ಸೂಚಿಯಲ್ಲಿ ದಡದ ದಿಕ್ಕನ್ನು ನೋಡಿಕೊಂಡೇ ಮುಳುಗಿ. 200 ಬಾರ್ ಒತ್ತಡಕ್ಕೆ ಗಾಳಿ ತುಂಬಿದ ಸಿಲಿಂಡರಿನಲ್ಲಿ ಮೂರನೆಯ ಒಂದು ಭಾಗ ಮುಗಿದಾಗ ಹಿಂದಿರುಗಲು ಶುರುಮಾಡಿದರೆ, ದಡದ ಅಲೆಗಳನ್ನು ದಾಟುವಾಗ ಗಾಳಿಯ ಚಿಂತೆ ಇರದು.

ಜೀವಿಗಳು ಕಾಣಬೇಕಾದರೆ ಕಡಿಮೆ ಈಜಬೇಕು. ಹೊಸಬರು ಹವಳದ ದಿಬ್ಬದುದ್ದಕ್ಕೂ ಓಡುತ್ತಾರೆ. ಒಂದೇ ಬಂಡೆಯ ಬಳಿ ಹತ್ತು ನಿಮಿಷ ನಿಂತವರಿಗೆ ಸಿಗಡಿ, ಬಿಲದಲ್ಲಿ ಬಾಯ್ತೆರೆದು ಕುಳಿತ ಮೊರೆ ಹಾವುಮೀನು, ದೊಡ್ಡ ಮೀನಿನ ಮೈ ಶುಚಿ ಮಾಡುವ ಪುಟ್ಟ ಮೀನು ಎಲ್ಲವೂ ಕಾಣಿಸುತ್ತವೆ. ಬರಡೆಂದು ಕಾಣುವ ಮರಳು, ಒಡೆದ ಹವಳದ ರಾಶಿ, ಜೆಟ್ಟಿಯ ಕಂಬಗಳ ಬುಡ ಇವನ್ನು ಬಿಟ್ಟು ಹೋಗಬೇಡಿ. ಹಗಲು ಇಳಿದು ಪರಿಚಯವಾದ ಜಾಗಕ್ಕೇ ಗೈಡ್ ಜೊತೆಗೆ ರಾತ್ರಿ ಇಳಿದರೆ ಅದು ಬೇರೆಯೇ ಊರಾಗಿರುತ್ತದೆ: ಹಗಲಿನ ಮೀನುಗಳು ಸಂದುಗಳಲ್ಲಿ ಅಡಗಿ, ಆಕ್ಟೋಪಸ್, ಏಡಿ, ಬೊಂಡಾಸುಗಳು ಹೊರಬಂದಿರುತ್ತವೆ.

ಪ್ರಶ್ನೆ: ಶನಿವಾರ ರಾತ್ರಿ ಹೊರಟು, ಭಾನುವಾರ ಬೆಳಿಗ್ಗೆ ನೇತ್ರಾಣಿಯಲ್ಲಿ ಎರಡು ಡೈವ್ ಮಾಡಿ, ಅದೇ ರಾತ್ರಿ ಮಡಿಕೇರಿಗೆ ಮರಳುವ ಯೋಚನೆಯಿದೆ. ಡೈವ್ ಮಾಡಿದ ಮೇಲೆ ವಿಮಾನ ಹತ್ತಬಾರದೆಂದು ಕೇಳಿದ್ದೇನೆ. ಕಾರಿನಲ್ಲಿ ಹೋಗುವುದಕ್ಕೆ ಅಡ್ಡಿಯಿಲ್ಲವಷ್ಟೆ?
(ಮಡಿಕೇರಿ)

ಉತ್ತರ: ಅಡ್ಡಿಯಿದೆ. ಕರಾವಳಿಯ ಡೈವ್ ಸೆಂಟರಿನವರಿಗೆ ತಮ್ಮ ಗ್ರಾಹಕರು ರಾತ್ರಿ ಯಾವ ಎತ್ತರದಲ್ಲಿ ಮಲಗುತ್ತಾರೆಂಬುದು ಗೊತ್ತಿರುವುದಿಲ್ಲ, ಆದ್ದರಿಂದ ಈ ಪ್ರಶ್ನೆಯನ್ನು ಕೊಡಗಿನವರೇ ಕೇಳಿಕೊಳ್ಳಬೇಕು.

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ಒತ್ತಡ ಒಂದು ವಾಯುಮಂಡಲದಷ್ಟು ಹೆಚ್ಚುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಕರಗಿ ಸೇರಿಕೊಳ್ಳುತ್ತದೆ, ಮತ್ತು ಮೇಲೆ ಬಂದ ನಂತರ ಗಂಟೆಗಟ್ಟಲೆ ನಿಧಾನವಾಗಿ ಉಸಿರಿನ ಮೂಲಕ ಹೊರಹೋಗುತ್ತಿರುತ್ತದೆ. ಆ ಕೆಲಸ ಮುಗಿಯುವ ಮೊದಲೇ ಹೊರಗಿನ ಒತ್ತಡ ಇನ್ನೂ ಇಳಿದರೆ, ಕರಗಿದ ಅನಿಲ ಗುಳ್ಳೆಗಳಾಗಿ ಕೀಲುಗಳಲ್ಲೋ ನರಗಳಲ್ಲೋ ತೊಂದರೆ ಕೊಡಬಹುದು. ವಿಮಾನ ಹತ್ತಬಾರದೆನ್ನುವುದು ಇದಕ್ಕೇ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಸಂಸ್ಥೆಯ ಸೂಚನೆಯಂತೆ ಒಂದೇ ಡೈವ್ ಮಾಡಿದವರು ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಮಾಡಿದವರು ಅಥವಾ ಹಲವು ದಿನ ಡೈವ್ ಮಾಡಿದವರು ಕನಿಷ್ಠ 18 ಗಂಟೆ ಕಾಯಬೇಕು. ಈ ಸೂಚನೆ ಅನ್ವಯವಾಗುವ ಎತ್ತರ 2,000 ಅಡಿಯಿಂದ, ಅಂದರೆ ಸುಮಾರು 600 ಮೀಟರ್‌ನಿಂದಲೇ ಶುರುವಾಗುತ್ತದೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಅಲ್ಲಿನ ಗಾಳಿಯ ಒತ್ತಡ ಕಡಲ ಮಟ್ಟಕ್ಕಿಂತ ಶೇಕಡ 13ರಷ್ಟು ಕಡಿಮೆ. ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪಲು ಸಹ 800 ಮೀಟರ್ ದಾಟಿದ ಊರುಗಳೇ. ದೇಹಕ್ಕೆ ವಿಮಾನವಾದರೇನು, ಸಂಪಾಜೆ ಘಾಟಿಯಾದರೇನು?

ಭಾನುವಾರ ಮಧ್ಯಾಹ್ನ 12ಕ್ಕೆ ಎರಡನೆಯ ಡೈವ್ ಮುಗಿಯಿತೆಂದರೆ ಸೋಮವಾರ ಬೆಳಿಗ್ಗೆ 6ಕ್ಕೆ 18 ಗಂಟೆ ತುಂಬುತ್ತದೆ. ಹಾಗೆಂದು ಮುರ್ಡೇಶ್ವರದಲ್ಲೇ ಉಳಿಯಬೇಕಾಗಿಲ್ಲ. ಮಂಗಳೂರು, ಪುತ್ತೂರು ದಾಟಿ ಸುಳ್ಯದವರೆಗೂ ರಸ್ತೆ ಹೆಚ್ಚು ಏರುವುದಿಲ್ಲ. ನಿಜವಾದ ಏರು ಸಂಪಾಜೆಯ ನಂತರ. ಆದ್ದರಿಂದ ಭಾನುವಾರ ಸಂಜೆ ಸುಳ್ಯದವರೆಗೆ ಬಂದು ಅಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ತಿಂಡಿ ತಿಂದು ಘಾಟಿ ಹತ್ತಬಹುದು. ಸೋಮವಾರ ರಜೆ ಸಿಗುವುದಿಲ್ಲವಾದರೆ ಶನಿವಾರವೇ ಡೈವ್ ಮಾಡಿ. ಕೇರಳದ ಕಡಲಿನಿಂದ ಮಾಕುಟ್ಟದ ದಾರಿಯಾಗಿ ಬರುವವರಿಗೆ ಇರಿಟ್ಟಿ ಇಂಥ ತಂಗುದಾಣ. ಬೆಂಗಳೂರಿನ ಡೈವರ್‌ಗಳು ಅದೇ ರಾತ್ರಿಯ ಬಸ್ಸಿನಲ್ಲಿ ಘಟ್ಟ ಹತ್ತಿ ಏನೂ ಆಗದೆ ಮನೆ ಸೇರುತ್ತಾರಲ್ಲ ಎಂದು ನೀವು ಕೇಳಬಹುದು. ಏನೂ ಆಗದವರ ಕಥೆಗಳು ಎಷ್ಟಿದ್ದರೂ ಒತ್ತಡದ ಲೆಕ್ಕ ಬದಲಾಗುವುದಿಲ್ಲ.

ಡೈವ್ ಮಾಡಿದ ದಿನ ಅಥವಾ ಮರುದಿನ ಕೀಲುನೋವು, ಚರ್ಮದ ಮೇಲೆ ಜುಮ್ಮೆನ್ನುವಿಕೆ ಅಥವಾ ಮಚ್ಚೆ, ಕೈಕಾಲು ಜೋಮು, ತಲೆಸುತ್ತು, ವಿವರಿಸಲಾಗದ ಆಯಾಸ ಕಂಡರೆ ಇನ್ನೂ ಮೇಲಕ್ಕೆ ಹೋಗದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಡೈವ್ ಮಾಡಿದ ವಿಷಯವನ್ನು ಮೊದಲ ಮಾತಿನಲ್ಲೇ ಹೇಳಿ ಶುದ್ಧ ಆಮ್ಲಜನಕ ಕೇಳಿ. ಘಟ್ಟದ ವೈದ್ಯರಿಗೆ ಇಂಥ ರೋಗಿ ಅಪರೂಪ, ನೀವೇ ಹೇಳದಿದ್ದರೆ ಅವರಿಗೆ ಹೊಳೆಯದಿರಬಹುದು. ಪೂರ್ಣ ಚಿಕಿತ್ಸೆಗೆ ಬೇಕಾದ ಒತ್ತಡದ ಕೋಣೆ ಮುಂಬಯಿಯ ಅಶ್ವಿನಿಯಂಥ ನೌಕಾಪಡೆಯ ಆಸ್ಪತ್ರೆಗಳಲ್ಲಿದೆ, ಎಲ್ಲ ಊರುಗಳಲ್ಲಿ ಇಲ್ಲ. ಡೈವಿಂಗ್ ವಿಮೆ ಮಾಡಿಸಿಕೊಂಡಿದ್ದರೆ ಅವರ ತುರ್ತು ದೂರವಾಣಿಯವರು ಎಲ್ಲಿಗೆ ಹೋಗಬೇಕೆಂದು ತಿಳಿಸುತ್ತಾರೆ.

ಪ್ರಶ್ನೆ: ಅಭ್ಯಾಸ ತಪ್ಪಬಾರದೆಂದು ಹಾರಂಗಿ ಹಿನ್ನೀರಿನಲ್ಲಿಯೋ ಕಾವೇರಿಯ ಆಳ ಮಡುವಿನಲ್ಲಿಯೋ ಡೈವ್ ಮಾಡಬಹುದೇ?
(ಕುಶಾಲನಗರ)

ಉತ್ತರ: ಬೇಡ. ಹಿನ್ನೀರಿನ ತಳದಲ್ಲಿ ಮುಳುಗಿದ ಮರಗಳೂ ಬಲೆಯ ತುಂಡುಗಳೂ ಇರುತ್ತವೆ, ಕೆಸರು ಎದ್ದರೆ ಕೈಯೇ ಕಾಣದು, ಅಣೆಕಟ್ಟೆಯ ತೂಬಿನ ಸೆಳೆತ ಮೇಲಿನಿಂದ ತಿಳಿಯುವುದಿಲ್ಲ, ಅನುಮತಿಯ ಪ್ರಶ್ನೆಯಂತೂ ಇದ್ದೇ ಇದೆ. ಇದಲ್ಲದೆ ಕಡಲ ಮಟ್ಟದಿಂದ 300 ಮೀಟರ್‌ಗಿಂತ ಎತ್ತರದ ನೀರಿನಲ್ಲಿ ಡೈವ್ ಮಾಡಲು ಬೇರೆಯೇ ಲೆಕ್ಕ ಮತ್ತು ತರಬೇತಿ ಬೇಕು. ಈಜುಕೊಳದಲ್ಲಿ 200 ಮೀಟರ್ ನಿಲ್ಲದೆ ಈಜುವುದನ್ನೂ 10 ನಿಮಿಷ ತೇಲುವುದನ್ನೂ ರೂಢಿಯಲ್ಲಿಟ್ಟುಕೊಳ್ಳಿ. ಓಪನ್ ವಾಟರ್ ತರಬೇತಿ ಕೇಳುವುದೂ ಅಷ್ಟನ್ನೇ.

ಪ್ರಶ್ನೆ: ನಾನು ಒಬ್ಬಳೇ ಪ್ರಯಾಣ ಮಾಡುವವಳು. ಡೈವ್ ಸೆಂಟರಿನವರು ಪ್ರತಿ ಸಲವೂ ಅಪರಿಚಿತರೊಬ್ಬರನ್ನು ನನಗೆ ಬಡ್ಡಿಯಾಗಿ, ಅಂದರೆ ನೀರಿನಡಿಯ ಜೊತೆಗಾರರಾಗಿ, ಜೋಡಿಸುತ್ತಾರೆ. ಅವರ ಅವಸರಕ್ಕೋ ಭಯಕ್ಕೋ ನನ್ನ ಡೈವ್ ಕೆಡುತ್ತದೆ. ದಡದ ಹತ್ತಿರ, ಹತ್ತು ಮೀಟರ್ ಆಳದಲ್ಲಿ ನಾನೊಬ್ಬಳೇ ಇಳಿದರೆ ತಪ್ಪೇನು?
(ವಿರಾಜಪೇಟೆ)

ಉತ್ತರ: ನಿಮ್ಮ ಅಸಮಾಧಾನ ನ್ಯಾಯವಾದದ್ದು. ಗೊತ್ತುಗುರಿಯಿಲ್ಲದ ಬಡ್ಡಿ ಕೆಲವೊಮ್ಮೆ ಇಲ್ಲದ ಬಡ್ಡಿಗಿಂತ ಅಪಾಯ. ಆದರೂ ಒಬ್ಬಂಟಿ ಪ್ರಯಾಣಕ್ಕೂ ಒಬ್ಬಂಟಿ ಡೈವ್‌ಗೂ ನಡುವಿನ ಗೆರೆಯನ್ನು ಈಗಲೇ ದಾಟಬೇಡಿ. ಒಬ್ಬರೇ ಡೈವ್ ಮಾಡುವುದಕ್ಕೂ ಅಧಿಕೃತ ತರಬೇತಿಗಳಿವೆ. ಎಸ್‌ಡಿಐ ಸಂಸ್ಥೆಯ ಸೋಲೋ ಡೈವರ್ ತರಬೇತಿಗೂ ಪಾಡಿ ಸಂಸ್ಥೆಯ ಸೆಲ್ಫ್ ರಿಲಯಂಟ್ ಡೈವರ್ ತರಬೇತಿಗೂ ಸೇರಬೇಕಾದರೆ ಕನಿಷ್ಠ 100 ಡೈವ್ ದಾಖಲಾಗಿರಬೇಕು. ಬಡ್ಡಿಯಿಲ್ಲದಾಗ ಗಾಳಿ ಕೊಡುವ ಇನ್ನೊಂದು ಬಾಯಿಯೂ ಇಲ್ಲದ ಕಾರಣ, ಪ್ರತ್ಯೇಕ ರೆಗ್ಯುಲೇಟರ್ ಇರುವ ಚಿಕ್ಕ ಸಿಲಿಂಡರನ್ನು ಜೊತೆಗೆ ಒಯ್ಯುವುದನ್ನು ಅಲ್ಲಿ ಕಲಿಸುತ್ತಾರೆ. ಹತ್ತು ಮೀಟರ್ ಅಲ್ಪ ಆಳವೆಂಬ ಧೈರ್ಯ ಬೇಡ. ಉಸಿರು ಬಿಗಿಹಿಡಿದು ಗಾಬರಿಯಿಂದ ಮೇಲೇರಿದರೆ ಶ್ವಾಸಕೋಶಕ್ಕೆ ಪೆಟ್ಟಾಗಲು ಕೆಲವೇ ಮೀಟರ್ ಸಾಕು.

ಅಲ್ಲಿಯವರೆಗೆ ಎರಡು ದಾರಿಗಳಿವೆ. ಕೈಯಲ್ಲಿ ಹಣವಿದ್ದರೆ ನಿಮಗೊಬ್ಬರಿಗೇ ಗೈಡ್ ಗೊತ್ತುಮಾಡಿಕೊಳ್ಳಿ. ದಡದ ಡೈವ್‌ನಲ್ಲಿ ಬೋಟಿನ ಖರ್ಚು ಉಳಿಯುವುದರಿಂದ ಇದು ತೀರಾ ದುಬಾರಿಯಾಗದು, ಮತ್ತು ಅಲ್ಲಿನ ಯಾವ ಬಂಡೆಯ ಕೆಳಗೆ ಯಾವ ಜೀವಿ ಇದೆಯೆಂದು ಬಲ್ಲವರು ಜೊತೆಗಿದ್ದಂತಾಗುತ್ತದೆ. ಇಲ್ಲವಾದರೆ ಅಪರಿಚಿತ ಬಡ್ಡಿಯೊಂದಿಗೆ ದಡದಲ್ಲೇ ಐದು ನಿಮಿಷ ಕುಳಿತು ಮಾತು ಮುಗಿಸಿ: ಕೊನೆಯ ಡೈವ್ ಮಾಡಿದ್ದು ಯಾವಾಗ, ಎಷ್ಟು ಆಳ, ಎಷ್ಟು ಬಾರ್ ಆದಾಗ ಹಿಂದಿರುಗುವುದು, ಮುಂದೆ ಹೋಗುವವರಾರು, ಒಬ್ಬರಿಗೊಬ್ಬರು ಕಾಣದಾದರೆ ಒಂದು ನಿಮಿಷ ಹುಡುಕಿ ಇಬ್ಬರೂ ನಿಧಾನವಾಗಿ ಮೇಲೆ ಬರುವುದು. ನೀವು ಚಿತ್ರ ತೆಗೆಯುವವರಾದರೆ ಅದನ್ನೂ ಮೊದಲೇ ಹೇಳಿಬಿಡಿ, ಏಕೆಂದರೆ ಕಾಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಅವರ ಉತ್ತರ ಸರಿಕಾಣದಿದ್ದರೆ ಬೇರೆಯವರನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು. ಇದರಲ್ಲಿ ಸಂಕೋಚ ಬೇಡ.

ವಸತಿಯ ವಿಷಯದಲ್ಲಿ, ದಡದ ಡೈವ್ ಇರುವ ಊರುಗಳಲ್ಲಿ ಡೈವ್ ಸೆಂಟರಿಗೆ ಸೇರಿದಂತೆಯೇ ಕೋಣೆಗಳಿರುವುದುಂಟು. ಒಬ್ಬರೇ ಬಂದ ಹೆಣ್ಣುಮಕ್ಕಳಿಗೆ ಅದೇ ಅನುಕೂಲ: ನಸುಕಿನಲ್ಲಿ ಒಬ್ಬರೇ ನಡೆಯಬೇಕಾಗಿಲ್ಲ, ಊಟದ ಮೇಜಿನ ಬಳಿ ಒಳ್ಳೆಯ ಬಡ್ಡಿಯೂ ಸಿಗಬಹುದು. ಮಹಿಳಾ ಇನ್‌ಸ್ಟ್ರಕ್ಟರ್ ಇದ್ದಾರೆಯೇ ಎಂದು ಮೊದಲೇ ವಿಚಾರಿಸಿ. ಪ್ರತಿ ಡೈವ್‌ಗೂ ಮುನ್ನ ಇಳಿಯುವ ಜಾಗ, ಇಳಿಯುವ ಹೊತ್ತು, ಹಿಂದಿರುಗುವ ಹೊತ್ತು ಬರೆದ ಚೀಟಿಯನ್ನು ವಸತಿಯವರ ಕೈಯಲ್ಲಿ ಕೊಟ್ಟು, ಇಷ್ಟು ಹೊತ್ತಿಗೆ ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕೆಂಬುದನ್ನೂ ಅದರಲ್ಲೇ ಬರೆದಿಡಿ. ಮನೆಯವರ ವಾಟ್ಸ್‌ಆ್ಯಪ್‌ಗೆ ಕಳುಹಿಸಿದರೆ ಅವರ ಆತಂಕ ಹೆಚ್ಚೀತೇ ಹೊರತು ನೀರಿನ ಬಳಿ ಬಂದು ಹುಡುಕಲು ಅವರಿಗಾಗದು.

ಪ್ರಶ್ನೆ: ನವೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಕುಯ್ಲು, ಆಮೇಲೆ ಹೂಮಳೆಯ ಕಾಯುವಿಕೆ. ನಮಗೆ ಬಿಡುವಾಗುವುದು ಮಳೆಗಾಲದಲ್ಲಿ. ಆಗ ಎಲ್ಲಿಗೆ ಹೋಗಬಹುದು?
(ಗೋಣಿಕೊಪ್ಪಲು)

ಉತ್ತರ: ನಮ್ಮಲ್ಲಿ ಜಡಿಮಳೆ ಹಿಡಿದಾಗ ಪಶ್ಚಿಮ ಕರಾವಳಿಯ ಕಡಲು ಡೈವರ್‌ಗೆ ಮುಚ್ಚಿದಂತೆಯೇ ಸರಿ. ಜೂನ್ ಮತ್ತು ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಯೂ ನಿಂತಿರುತ್ತದೆ, ನೇತ್ರಾಣಿಯ ಬೋಟುಗಳು ಅಕ್ಟೋಬರ್ ಹೊತ್ತಿಗೆ ಮತ್ತೆ ಹೊರಡುತ್ತವೆ. ಅಂಡಮಾನಿನಲ್ಲಿಯೂ ಆ ತಿಂಗಳುಗಳು ಮಳೆಯವೇ. ಆದರೆ ಅದೇ ನೈರುತ್ಯ ಮಾರುತ ಶ್ರೀಲಂಕಾದ ಪಶ್ಚಿಮ ದಡವನ್ನು ಬಡಿಯುವಾಗ ಆ ದ್ವೀಪದ ಪೂರ್ವದ ದಡ ಶಾಂತವಾಗಿರುತ್ತದೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಟ್ರಿಂಕೋಮಲಿ ಮತ್ತು ನಿಲಾವೇಲಿಯ ಕಾಲ. ನಿಲಾವೇಲಿಯ ಎದುರಿಗಿರುವ ಪಿಜನ್ ಐಲೆಂಡ್ 2003ರಿಂದ ರಾಷ್ಟ್ರೀಯ ಉದ್ಯಾನ. ದೋಣಿಯಲ್ಲಿ ಸ್ವಲ್ಪ ಹೊತ್ತಿನ ದಾರಿ, ಇಳಿದ ಮೇಲೆ ದ್ವೀಪದ ದಡದಿಂದಲೇ ಸ್ನಾರ್ಕೆಲ್ ಎಂಬ ಉಸಿರಾಟದ ಕೊಳವೆ ಹಾಕಿಕೊಂಡು ಹವಳ ನೋಡಬಹುದು, ರೆಕ್ಕೆಯ ತುದಿ ಕಪ್ಪಾಗಿರುವ ಚಿಕ್ಕ ಶಾರ್ಕುಗಳೂ ಕಾಣಸಿಗುತ್ತವೆ. ನಮ್ಮ ನೇತ್ರಾಣಿಗೂ ಪಿಜನ್ ಐಲೆಂಡ್ ಎಂಬ ಹೆಸರಿರುವುದರಿಂದ ಇಂಟರ್ನೆಟ್ಟಿನಲ್ಲಿ ಹುಡುಕುವಾಗ ಎರಡೂ ಕಲಸಿಹೋಗುತ್ತವೆ, ನೋಡಿಕೊಳ್ಳಿ.

ಸ್ವಲ್ಪ ಹೆಚ್ಚು ಖರ್ಚು ಮಾಡಲು ಸಿದ್ಧರಿದ್ದರೆ, ಕೈಲ್‌ಪೊಳ್ದ್ ಹಬ್ಬ ಮುಗಿಸಿಕೊಂಡು ಸೆಪ್ಟೆಂಬರಿನಲ್ಲಿ ಬಾಲಿಗೆ ಹೋಗಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿ ಒಣಹವೆ. ಶಾಲೆಯ ರಜೆಯ ಜನಸಂದಣಿ ಸೆಪ್ಟೆಂಬರಿನ ಹೊತ್ತಿಗೆ ಕರಗಿರುತ್ತದೆ, ಕುಯ್ಲಿಗೆ ಇನ್ನೂ ಸಮಯವಿರುತ್ತದೆ. ಅಲ್ಲಿಂದ ಬರುವಾಗಲೂ ವಿಮಾನಕ್ಕೆ ಮೊದಲಿನ 18 ಗಂಟೆಯನ್ನು ಟಿಕೆಟ್ ಕೊಳ್ಳುವ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ: ನಮಗೆ ಈ ಸಿಲಿಂಡರು, ಬೂಟು ಯಾವುದೂ ಬೇಡ. ಶಾಲಾಮಕ್ಕಳಿಗೆ ಕಡಲ ಜೀವಿಗಳನ್ನು ತೋರಿಸಬೇಕು. ಮಂಗಳೂರಿನ ಕಡೆಯೋ ತಲಶ್ಶೇರಿಯ ಕಡೆಯೋ ದಡದಲ್ಲೇ ನಿಂತು ನೋಡುವಂಥದ್ದು ಏನಾದರೂ ಇದೆಯೇ? ಚಿಪ್ಪು, ಹವಳದ ತುಂಡು ಸಿಕ್ಕರೆ ಶಾಲೆಗೆ ತರಬಹುದೇ?
(ನಾಪೋಕ್ಲು)

ಉತ್ತರ: ಇದೆ, ಅದೂ ಬೇಕಾದಷ್ಟಿದೆ. ಡೈವ್‌ಗೆ ಒಗ್ಗದ ನಮ್ಮ ಕರಾವಳಿ, ಬಂಡೆಗಳ ನಡುವಿನ ನೀರುಗುಂಡಿಗಳನ್ನು ನೋಡುವವರಿಗೆ ಮಾತ್ರ ಉದಾರಿ. ಉಳ್ಳಾಲದ ಸೋಮೇಶ್ವರ, ಸುರತ್ಕಲ್ ಮತ್ತು ಕಾಪುವಿನ ದೀಪಸ್ತಂಭಗಳ ಬುಡದ ಬಂಡೆಗಳು, ತಲಶ್ಶೇರಿಯ ಬಳಿಯ ಧರ್ಮಡಂ ಎಲ್ಲವೂ ಒಪ್ಪುವ ಜಾಗಗಳೇ. ಹೋಗುವ ದಿನವನ್ನು ರಜೆ ನೋಡಿ ಆರಿಸಬೇಡಿ, ಪಂಚಾಂಗ ನೋಡಿ ಆರಿಸಿ: ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಇಳಿತ ಹೆಚ್ಚು, ಆಗ ಬಂಡೆಗಳು ಹೆಚ್ಚು ತೆರೆದುಕೊಳ್ಳುತ್ತವೆ. ಇಳಿತದ ಸಮಯ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಉಬ್ಬರವಿಳಿತದ ಪಟ್ಟಿಯಲ್ಲಿ ಅತಿ ಕಡಿಮೆ ನೀರಿನ ಹೊತ್ತನ್ನು ನೋಡಿ, ಅದಕ್ಕೆ ಒಂದು ಗಂಟೆ ಮೊದಲೇ ತಲುಪಿ, ನೀರು ಏರಲು ಶುರುವಾದೊಡನೆ ಮಕ್ಕಳನ್ನು ಹೊರಗೆ ಕರೆತನ್ನಿ. ಅಕ್ಟೋಬರ್‌ಗೆ ಮೊದಲು ಯೋಚಿಸಲೇಬೇಡಿ, ಮಳೆಗಾಲದ ಅಲೆಗೆ ಆ ಬಂಡೆಗಳ ಮೇಲೆ ದೊಡ್ಡವರೂ ನಿಲ್ಲಲಾರರು.

ಬಂಡೆಯ ಮೇಲ್ಭಾಗದಲ್ಲಿ ಕಲ್ಲಿನಂತೆಯೇ ಅಂಟಿಕೊಂಡ ಬಾರ್ನಕಲ್ ಎಂಬ ಜೀವಿಗಳು, ಸ್ವಲ್ಪ ಕೆಳಗೆ ಬಸವನಹುಳುವಿನ ಬಳಗದವು, ಸತ್ತವರ ಚಿಪ್ಪನ್ನು ಹೊತ್ತು ನಡೆಯುವ ಸನ್ಯಾಸಿ ಏಡಿಗಳು, ನೀರು ನಿಂತಲ್ಲಿ ಹೂವಿನಂತೆ ಅರಳಿದ ಕಡಲ ಅನಿಮೊನಿಗಳು, ಕಲ್ಲಿನ ಬಣ್ಣದ ಪುಟ್ಟ ಗೋಬಿ ಮೀನುಗಳು ಹೀಗೆ ಮೇಲಿನಿಂದ ಕೆಳಕ್ಕೆ ಜೀವಿಗಳು ಬದಲಾಗುತ್ತಾ ಹೋಗುವುದನ್ನು ಮಕ್ಕಳಿಗೇ ಗುರುತಿಸಲು ಬಿಡಿ. ಎಷ್ಟು ಹೊತ್ತು ಬಿಸಿಲಲ್ಲಿ ಒಣಗಿ ಬದುಕಬಲ್ಲದು ಎಂಬುದರ ಮೇಲೆ ಪ್ರತಿ ಜೀವಿಯ ಮಟ್ಟ ನಿಂತಿದೆ. ಪಾಠಪುಸ್ತಕದ ಹೊಂದಾಣಿಕೆ ಎಂಬ ಅಧ್ಯಾಯವನ್ನು ಇದಕ್ಕಿಂತ ಚೆನ್ನಾಗಿ ಕಲಿಸಲಾಗದು. ಕಲ್ಲನ್ನು ಎತ್ತಿ ನೋಡಿದರೆ ಅದೇ ಮಗ್ಗುಲಿಗೆ ಮರಳಿ ಇಡಬೇಕು, ಇಲ್ಲದಿದ್ದರೆ ಅಡಿಯಲ್ಲಿ ಬದುಕುವವು ಬಿಸಿಲಿಗೆ ಸಾಯುತ್ತವೆ. ಶಂಕುವಿನಾಕಾರದ, ಚಂದದ ಚಿತ್ತಾರವಿರುವ ಚಿಪ್ಪನ್ನು ಕೈಗೆತ್ತಿಕೊಳ್ಳಬಾರದು. ಕೋನ್ ಬಸವನಹುಳುವಿನ ಕೆಲವು ಜಾತಿಗಳ ವಿಷ ಮನುಷ್ಯನನ್ನು ಕೊಲ್ಲಬಲ್ಲದು. ಮರಳಿನ ಆಳವಿಲ್ಲದ ನೀರಿನಲ್ಲಿ ನಡೆಯುವಾಗ ಕಾಲನ್ನು ಎತ್ತಿಡದೆ ಉಜ್ಜುತ್ತಾ ಸಾಗಿದರೆ, ಮರಳಿನಡಿ ಮಲಗಿದ ತೊರಕೆ ಮೀನು ತಾನಾಗಿಯೇ ಸರಿದುಹೋಗುತ್ತದೆ. ಅದರ ಮುಳ್ಳು ಚುಚ್ಚಿದರೆ, ಸುಡದಷ್ಟು ಬಿಸಿಯಾದ, 45 ಡಿಗ್ರಿ ಮೀರದ ನೀರಿನಲ್ಲಿ ಗಾಯವನ್ನು ಅದ್ದಿಟ್ಟುಕೊಂಡು ಆಸ್ಪತ್ರೆಗೆ ಹೋಗಬೇಕು.

ಶಾಲೆಗೆ ಚಿತ್ರಗಳನ್ನು ತನ್ನಿ. ಹವಳ, ಕಡಲಕುದುರೆ, ಕಡಲಸೌತೆ ಎಂದು ಕರೆಯುವ ಜೀವಿ, ಕೆಲವು ಜಾತಿಯ ಚಿಪ್ಪುಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಸತ್ತ ಹವಳದ ತುಂಡಾದರೂ ಅದನ್ನು ಚೀಲಕ್ಕೆ ಹಾಕಿಕೊಳ್ಳುವುದು ಅಪರಾಧ, ಮಕ್ಕಳ ಕೈಗೆ ಸಿಕ್ಕಿತೆಂಬುದು ಅದಕ್ಕೆ ಸಮಾಧಾನವಾಗದು.

ಪ್ರಶ್ನೆ: ವಯಸ್ಸು 52, ಕನ್ನಡಕ ಹಾಕುತ್ತೇನೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಈಗ ಡೈವಿಂಗ್ ಕಲಿಯಬಹುದೇ?
(ಪೊನ್ನಂಪೇಟೆ)

ಉತ್ತರ: ಕನ್ನಡಕದ ಸಂಖ್ಯೆಗೆ ತಕ್ಕ ಗಾಜು ಕೂರಿಸಿದ ಮಾಸ್ಕ್ ಸಿಗುತ್ತದೆ, ಆ ಚಿಂತೆ ಬಿಡಿ. ವಯಸ್ಸೂ ತಾನಾಗಿ ಅಡ್ಡಿಯಲ್ಲ. ಆದರೆ ತರಬೇತಿಗೆ ಸೇರುವಾಗ ತುಂಬಬೇಕಾದ ಆರೋಗ್ಯದ ನಮೂನೆಯಲ್ಲಿ 45 ದಾಟಿದವರಿಗೆ ಪ್ರತ್ಯೇಕ ಪ್ರಶ್ನೆಗಳಿವೆ, ರಕ್ತದೊತ್ತಡದ ಪ್ರಶ್ನೆಯೂ ಇದೆ. ಅದಕ್ಕೆ ಹೌದೆಂದು ಬರೆದವರು ವೈದ್ಯರ ಲಿಖಿತ ಒಪ್ಪಿಗೆ ತರಬೇಕಾಗುತ್ತದೆ. ಆ ನಮೂನೆಯನ್ನು ಮೊದಲೇ ತರಿಸಿಕೊಂಡು ನಿಮ್ಮ ವೈದ್ಯರಿಗೆ ತೋರಿಸಿ ಸಹಿ ಪಡೆದೇ ಊರು ಬಿಡಿ. ಮುರ್ಡೇಶ್ವರ ತಲುಪಿದ ಮೇಲೆ ವೈದ್ಯರನ್ನು ಹುಡುಕತೊಡಗಿದರೆ ಬೋಟು ನಿಮಗಾಗಿ ಕಾಯುವುದಿಲ್ಲ.